ಸ್ಥಳೀಯರೆಂದರೆ ಯಾರು?

ತೆಲಂಗಾಣದ ವೈದ್ಯಕೀಯ ಕಾಲೇಜುಗಳ ಪ್ರವೇಶದಲ್ಲಿ ‘ಸ್ಥಳೀಯ’ ಎನಿಸಿಕೊಳ್ಳತಕ್ಕವರು ಯಾರು ಎಂಬ ವಿವಾದಕ್ಕೆ ಸರ್ವೋಚ್ಚ ನ್ಯಾಯಾಲಯವು 2025ರ ಸೆಪ್ಟೆಂಬರ್ 1ರಂದು ತೆರೆ ಎಳೆಯಿತು. ಅರ್ಹತಾ ಪರೀಕ್ಷೆಯ ವರ್ಷವೂ ಸೇರಿದಂತೆ ಕೊನೆಯ ನಾಲ್ಕು ವರ್ಷ, ಎಂದರೆ ಒಂಬತ್ತನೆಯ ತರಗತಿಯಿಂದ ಹನ್ನೆರಡನೆಯದರವರೆಗೆ, ಎಡೆಬಿಡದೆ ತೆಲಂಗಾಣದಲ್ಲಿಯೇ ಓದಿ, ಆ ಪರೀಕ್ಷೆಯಲ್ಲಿ ಇಲ್ಲಿಯೇ ತೇರ್ಗಡೆಯಾದವರು ಮಾತ್ರ ಸ್ಥಳೀಯರೆಂಬ ರಾಜ್ಯ ಸರಕಾರದ ನಿಯಮವನ್ನು ಆಗ ಮುಖ್ಯ ನ್ಯಾಯಾಧೀಶರಾಗಿದ್ದ ಶ್ರೀ ಬಿ. ಆರ್. ಗವಾಯಿ ಮತ್ತು ನ್ಯಾಯಮೂರ್ತಿ ಶ್ರೀ ಕೆ. ವಿನೋದ್ ಚಂದ್ರನ್ ಅವರ ಪೀಠವು ಎತ್ತಿಹಿಡಿಯಿತು. ಈ ಸುದ್ದಿಯನ್ನು ಹಲವರು ಆಂಧ್ರ ಮತ್ತು ತೆಲಂಗಾಣಗಳ ಹಳೆಯ ವ್ಯಾಜ್ಯದ ಮತ್ತೊಂದು ಅಧ್ಯಾಯವೆಂದು ಓದಿ ಮಡಿಸಿಟ್ಟಿರಬಹುದು. ಆದರೆ ಉಪ್ಪಲ್, ರಾಮಂತಪುರ, ಹಬ್ಸಿಗುಡ, ನಾಗೋಲುಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಇದು ನೆರೆಮನೆಯ ಜಗಳವಲ್ಲ. ತಮ್ಮ ಮನೆಯ ಹೊಸ್ತಿಲಿಗೇ ಬಂದು ನಿಂತಿರುವ ಪ್ರಶ್ನೆಯಾಗಿದೆ.

ತೀರ್ಪಿನ ಒಳಗುಟ್ಟನ್ನು ಅರಿಯಬೇಕಾದರೆ ಮೊದಲು ಅದರ ಹಿನ್ನೆಲೆಯನ್ನು ಅರಿಯಬೇಕು. ಹಿನ್ನೆಲೆಯು ನಿನ್ನೆ ಮೊನ್ನೆಯದಲ್ಲ. 1919ರಲ್ಲಿ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರು ಹೊರಡಿಸಿದ ಫರ್ಮಾನಿನಿಂದ ‘ಮುಲ್ಕಿ’ ನಿಯಮಗಳು ನೆಲೆಗೊಂಡವು. ಹೈದರಾಬಾದು ಸಂಸ್ಥಾನದಲ್ಲಿ ಹುಟ್ಟಿದವನು, ಇಲ್ಲವೆ ಹದಿನೈದು ವರ್ಷ ನೆಲೆಸಿ ತನ್ನ ಹಿಂದಿನ ಊರಿಗೆ ಮರಳುವ ಆಸೆಯನ್ನು ಬಿಟ್ಟೆನೆಂದು ಪ್ರಮಾಣ ಮಾಡಿದವನು ಮುಲ್ಕಿ. ಸರಕಾರಿ ಚಾಕರಿ ಅವನಿಗೆ. ಉಳಿದವರು ಗೈರ್‌ಮುಲ್ಕಿಗಳು. ಆ ಕಾಲದಲ್ಲಿ ಬೀದರ, ಗುಲಬರ್ಗಾ, ರಾಯಚೂರುಗಳ ಕನ್ನಡಿಗನು ಈ ನಾಡಿನ ಅಚ್ಚ ಮುಲ್ಕಿಯೇ ಆಗಿದ್ದನೆಂಬುದನ್ನು ನಮ್ಮ ಓದುಗರು ಮರೆಯಬಾರದು. ಹೈದರಾಬಾದು ಅವನ ರಾಜಧಾನಿಯಾಗಿತ್ತು. ವ್ಯಾಜ್ಯಕ್ಕೂ ವ್ಯಾಪಾರಕ್ಕೂ ವಿದ್ಯೆಗೂ ಅವನು ಇಲ್ಲಿಗೇ ಬರುತ್ತಿದ್ದನು. 1956ರ ನವೆಂಬರ್ 1ರಂದು ಭಾಷಾವಾರು ಪ್ರಾಂತಗಳು ರೂಪುಗೊಂಡಾಗ ಅವನು ಊರು ಬಿಟ್ಟು ಕದಲಲಿಲ್ಲ. ಗಡಿಯೇ ಅವನನ್ನು ದಾಟಿಕೊಂಡು ಹೋಯಿತು. ಹಿಂದಿನ ರಾತ್ರಿ ಈ ನಗರದ ನಾಡಿಗನಾಗಿ ಮಲಗಿದವನು ಮರುದಿನ ಬೆಳಿಗ್ಗೆ ಬೇರೊಂದು ರಾಜ್ಯದ ಪ್ರಜೆಯಾಗಿ ಎದ್ದನು. ಏಕೀಕರಣವು ನಮಗೆಲ್ಲ ಹಬ್ಬವೇ ಹೌದು. ಆದರೆ ಪ್ರತಿ ಹಬ್ಬಕ್ಕೂ ಒಂದು ಖರ್ಚಿರುತ್ತದೆ.

ಅನಂತರದ ಕತೆ ನ್ಯಾಯಾಲಯಗಳ ಕತೆ. ಸರಕಾರಿ ನೌಕರಿಗೆ ವಾಸಸ್ಥಳದ ನಿಬಂಧನೆ ಹಾಕುವ ಅಧಿಕಾರವನ್ನು ಸಂವಿಧಾನದ 16ನೆಯ ಅನುಚ್ಛೇದದ ಮೂರನೆಯ ಖಂಡವು ಸಂಸತ್ತಿಗೆ ಮಾತ್ರ ಕೊಟ್ಟಿದೆ. ಆ ಅಧಿಕಾರದಿಂದ 1957ರಲ್ಲಿ ಒಂದು ಕಾಯಿದೆಯಾಯಿತು. ನಿಬಂಧನೆಯನ್ನು ಇಡೀ ರಾಜ್ಯಕ್ಕೆ ಹಾಕಬಹುದೇ ಹೊರತು ರಾಜ್ಯದ ಒಂದು ಭಾಗವಾದ ತೆಲಂಗಾಣಕ್ಕೆ ಮಾತ್ರ ಹಾಕಲಾಗದೆಂದು ಸರ್ವೋಚ್ಚ ನ್ಯಾಯಾಲಯವು 1969ರ ಮಾರ್ಚಿನಲ್ಲಿ ಆ ಕಾಯಿದೆಯ ಮುಖ್ಯ ಕಲಮನ್ನು ತೆಲಂಗಾಣದ ಮಟ್ಟಿಗೆ ಅಸಿಂಧುಗೊಳಿಸಿತು. ಅದೇ ವರ್ಷ ಪ್ರತ್ಯೇಕ ತೆಲಂಗಾಣದ ಚಳವಳಿ ಹೊತ್ತಿಕೊಂಡು ಉರಿಯಿತು. 1972ರ ಅಕ್ಟೋಬರಿನಲ್ಲಿ ಅದೇ ನ್ಯಾಯಾಲಯವು ಬೇರೊಂದು ಮೊಕದ್ದಮೆಯಲ್ಲಿ, ಹಳೆಯ ಮುಲ್ಕಿ ನಿಯಮಗಳು ಸಂವಿಧಾನಪೂರ್ವದ ಕಾನೂನುಗಳಾಗಿ ಇನ್ನೂ ಜೀವಂತವಾಗಿವೆ ಎಂದಿತು. ಈ ಸಲ ಕರಾವಳಿ ಆಂಧ್ರವು ಹೊತ್ತಿಕೊಂಡಿತು. ಎರಡು ಕಡೆಯ ಬೆಂಕಿಯನ್ನೂ ಆರಿಸಲು 1973ರ ಸೆಪ್ಟೆಂಬರಿನಲ್ಲಿ ಆರು ಅಂಶಗಳ ಸೂತ್ರವೊಂದನ್ನು ಹೊಸೆಯಲಾಯಿತು. ಸಂವಿಧಾನದ ಮೂವತ್ತೆರಡನೆಯ ತಿದ್ದುಪಡಿಯಾಗಿ 371-ಡಿ ಅನುಚ್ಛೇದವು ಸೇರಿತು. ಮುಲ್ಕಿ ನಿಯಮಗಳು ರದ್ದಾದವು. ಆ ಅನುಚ್ಛೇದದ ಕೆಳಗೆ ರಾಷ್ಟ್ರಪತಿಗಳು 1974ರಲ್ಲಿ ವಿದ್ಯಾಸಂಸ್ಥೆಗಳ ಪ್ರವೇಶಕ್ಕೂ 1975ರಲ್ಲಿ ನೌಕರಿಗೂ ಒಂದೊಂದು ಆಜ್ಞೆಯನ್ನು ಹೊರಡಿಸಿದರು.

ಈ ಆಜ್ಞೆಗಳಲ್ಲಿ ಆದ ಮಾರ್ಪಾಟು ಅತ್ಯಂತ ಗಮನಾರ್ಹವಾದುದು. ಮುಲ್ಕಿ ನಿಯಮವು ಮನುಷ್ಯನ ಹುಟ್ಟನ್ನೂ ಮನೆಯನ್ನೂ ಮನಸ್ಸನ್ನೂ ಕೇಳುತ್ತಿತ್ತು. ಹೊಸ ಆಜ್ಞೆಯು ಮುಖ್ಯವಾಗಿ ಶಾಲೆಯ ಹಾಜರಿ ಪುಸ್ತಕವನ್ನು ಕೇಳಿತು. ನಾಲ್ಕು ವರ್ಷ ಎಲ್ಲಿ ಓದಿದೆ ಎಂಬುದೇ ಪ್ರಧಾನ ಪ್ರಶ್ನೆ. ಯಾವ ಶಾಲೆಯಲ್ಲಿಯೂ ಓದದವನಿಗೆ ಮಾತ್ರ ನಾಲ್ಕು ವರ್ಷದ ವಾಸದ ಪ್ರಶ್ನೆ. ಅಂದಿನಿಂದ ಇಂದಿನವರೆಗೆ ಐವತ್ತು ವರ್ಷಗಳ ಕಾಲ ಈ ನಾಡಿನಲ್ಲಿ ‘ಸ್ಥಳೀಯ’ ಎಂಬ ಪದಕ್ಕೆ ಅರ್ಥವು ರಕ್ತದಲ್ಲಾಗಲಿ ಭಾಷೆಯಲ್ಲಾಗಲಿ ಇಲ್ಲ, ಓದಿನ ದಾಖಲೆಯಲ್ಲಿದೆ. ಇದು ನಮ್ಮಂತಹ ವಲಸೆಗಾರರಿಗೆ ಒಂದು ದೃಷ್ಟಿಯಿಂದ ಉಪಕಾರವನ್ನೇ ಮಾಡಿದೆಯೆಂದು ಒಪ್ಪಿಕೊಳ್ಳಬೇಕು. ಹುಮನಾಬಾದಿನಿಂದ ಬಂದವನ ಮಗಳೂ ಕುಂದಾಪುರದಿಂದ ಬಂದವನ ಮಗನೂ ಇಲ್ಲಿ ಒಂಬತ್ತರಿಂದ ಹನ್ನೆರಡರವರೆಗೆ ಓದಿದರೆ ವರಂಗಲ್ಲಿನ ಮಕ್ಕಳ ಸರಿಸಮಾನರಾಗಿ ಸ್ಥಳೀಯರೇ. ಅವರ ಮಾತೃಭಾಷೆ ಯಾವುದೆಂದು ಕಾನೂನು ಕೇಳುವುದಿಲ್ಲ. ಈ ಔದಾರ್ಯಕ್ಕೆ ನಾವು ತಲೆಬಾಗಬೇಕು.

ಹಾಗಾದರೆ ವಿವಾದವೇಕೆ ಹುಟ್ಟಿತು? 2014ರ ಜೂನ್ 2ರಂದು ತೆಲಂಗಾಣವು ಪ್ರತ್ಯೇಕ ರಾಜ್ಯವಾದಾಗ, ಹಳೆಯ ಪ್ರವೇಶಪದ್ಧತಿಯು ಹತ್ತು ವರ್ಷ ಮೀರದಂತೆ ಮುಂದುವರಿಯತಕ್ಕದ್ದೆಂದು ವಿಭಜನೆಯ ಕಾಯಿದೆಯಲ್ಲಿ ಹೇಳಲಾಗಿತ್ತು. ಆ ಗಡುವು 2024ರ ಜೂನಿನಲ್ಲಿ ಮುಗಿಯಿತು. ಮರುತಿಂಗಳು ಸರಕಾರವು ವೈದ್ಯಕೀಯ ಮತ್ತು ದಂತವೈದ್ಯಕೀಯ ಪ್ರವೇಶದ 2017ರ ನಿಯಮಗಳನ್ನು ತಿದ್ದಿತು. ಹಿಂದೆ ಆರನೆಯ ತರಗತಿಯಿಂದ ಹನ್ನೆರಡರವರೆಗಿನ ಏಳು ವರ್ಷಗಳಲ್ಲಿ ಹೆಚ್ಚು ಕಾಲ ಎಲ್ಲಿ ಓದಿದನೆಂಬ ಲೆಕ್ಕಕ್ಕೂ ಎಡೆಯಿತ್ತು. ತಿದ್ದಿದ ನಿಯಮದಲ್ಲಿ ಕೊನೆಯ ನಾಲ್ಕು ವರ್ಷಗಳೇ ನಿರ್ಣಾಯಕವಾದವು. ತೆಲಂಗಾಣದಲ್ಲಿಯೇ ಹುಟ್ಟಿ ಬೆಳೆದು, ಎರಡು ಮೂರು ವರ್ಷ ಮಾತ್ರ ಹೊರಗೆ ಓದಿದ ವಿದ್ಯಾರ್ಥಿಗಳು ಉಚ್ಚ ನ್ಯಾಯಾಲಯದ ಮೊರೆಹೊಕ್ಕರು. ರಾಜ್ಯದ ಶಾಶ್ವತ ನಿವಾಸಿಗಳಿಗೆ ಈ ನಿಯಮವು ತಗಲದೆಂದು ಉಚ್ಚ ನ್ಯಾಯಾಲಯವು 2024ರ ಸೆಪ್ಟೆಂಬರ್ 5ರಂದು ತೀರ್ಮಾನಿಸಿ, ಯಾರು ಶಾಶ್ವತ ನಿವಾಸಿ ಎಂಬುದಕ್ಕೆ ಮಾರ್ಗಸೂತ್ರಗಳನ್ನು ರಚಿಸಿಕೊಳ್ಳಲು ಸರಕಾರಕ್ಕೆ ಬಿಟ್ಟಿತು. ಸರಕಾರವು ದೆಹಲಿಗೆ ಹೋಯಿತು. ಅದೇ ತಿಂಗಳಿನಲ್ಲಿ ಆ ತೀರ್ಪಿಗೆ ತಡೆಯಾಜ್ಞೆ ಬಂತು. ಮೊಕದ್ದಮೆ ಹೂಡಿದ್ದ 135 ವಿದ್ಯಾರ್ಥಿಗಳಿಗೆ ಆ ಒಂದು ವರ್ಷದ ಮಟ್ಟಿಗೆ ಅವಕಾಶ ಕೊಡಲು ಸರಕಾರವು ಒಪ್ಪಿಕೊಂಡಿತು. ಮರುವರ್ಷದ ಅಂತಿಮ ತೀರ್ಪಿನಲ್ಲಿ ಸರಕಾರದ ಮೇಲ್ಮನವಿಗಳು ಪುರಸ್ಕೃತವಾದವು. ನಿಯಮವು 371-ಡಿ ಅನುಚ್ಛೇದಕ್ಕೂ ರಾಷ್ಟ್ರಪತಿಗಳ ಆಜ್ಞೆಗೂ ಅನುಗುಣವಾಗಿದೆ, ಅದನ್ನು ಮೊಟಕುಗೊಳಿಸಿ ಓದಿದ ಉಚ್ಚ ನ್ಯಾಯಾಲಯದ ಕ್ರಮ ಸರಿಯಲ್ಲ, ಎಂಬುದು ಅದರ ಸಾರ.

ತೆಲಂಗಾಣ ಸರಕಾರದ ವಾದದಲ್ಲಿ ತಿರುಳಿಲ್ಲವೆಂದು ನಾವು ಹೇಳಲಾರೆವು. ನಿವಾಸದ ಪ್ರಮಾಣಪತ್ರವನ್ನು ಸಂಪಾದಿಸುವುದು ಹಣವಂತನಿಗೆ ಕಷ್ಟವಲ್ಲ. ನಾಲ್ಕು ವರ್ಷದ ಶಾಲಾ ದಾಖಲೆಯನ್ನು ಸೃಷ್ಟಿಸುವುದು ಅಷ್ಟು ಸುಲಭವಲ್ಲ. ನಾಗರಕರ್ನೂಲಿನ, ಆದಿಲಾಬಾದಿನ ಸರಕಾರಿ ಶಾಲೆಯಲ್ಲಿ ಓದಿದ ಬಡ ಹುಡುಗನ ಸೀಟನ್ನು, ಹೊರಗಿನ ಊರುಗಳಲ್ಲಿ ಲಕ್ಷಗಟ್ಟಲೆ ಸುರಿದು ತರಬೇತಿ ಪಡೆದವನು ಕಸಿದುಕೊಳ್ಳಬಾರದೆಂಬ ಕಾಳಜಿ ಸಕಾರಣವಾದುದೇ. 1952ರಲ್ಲಿ ಇದೇ ಊರಿನ ಸಿಟಿ ಕಾಲೇಜಿನ ಬಳಿ ವಿದ್ಯಾರ್ಥಿಗಳ ಮೇಲೆ ಗೋಳೀಬಾರು ನಡೆದದ್ದು ಈ ನೌಕರಿ ಮತ್ತು ಅವಕಾಶಗಳ ಕಾರಣದಿಂದಲೇ. ನಮಗೆ ಅನ್ನ ಕೊಟ್ಟ ನಾಡಿನ ಮನಸ್ಸಿನ ಗಾಯವನ್ನು ಲಘುವಾಗಿ ಕಾಣುವ ಅಧಿಕಾರ ನಮಗಿಲ್ಲ.

ಆದರೆ ಕಾನೂನಿನ ಬಲೆಯು ಯಾರನ್ನು ಹಿಡಿಯಲೆಂದು ಬೀಸಲ್ಪಟ್ಟಿತೋ ಅವರೊಡನೆ ಹಿಡಿಯಬಾರದವರೂ ಸಿಕ್ಕಿಬೀಳುತ್ತಾರೆ. ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಉಪ್ಪಲಿನ ಕೈಗಾರಿಕಾ ವಸಾಹತಿನಲ್ಲಿ ದುಡಿಯುವ ಬೀದರ ಜಿಲ್ಲೆಯ ದಂಪತಿಗಳಿದ್ದಾರೆನ್ನಿ. ಮಗಳು ಒಂದರಿಂದ ಎಂಟನೆಯ ತರಗತಿಯವರೆಗೆ ಇಲ್ಲಿಯೇ ಓದಿದಳು. ಇಬ್ಬರೂ ಪಾಳಿಯ ಮೇಲೆ ಹೋಗುವವರು. ಬಾಡಿಗೆಯ ಒಂದೇ ಕೋಣೆ. ಬೆಳೆದ ಹುಡುಗಿಯನ್ನು ಒಬ್ಬಳನ್ನೇ ಬಿಡಲು ಮನಸ್ಸೊಪ್ಪದು. ಊರಿನಲ್ಲಿ ಅಜ್ಜಿಯಿದ್ದಾಳೆ. ವೈದ್ಯಕೀಯ ಪ್ರವೇಶ ಪರೀಕ್ಷೆಯ ತರಬೇತಿಗೆ ಬೀದರವು ಈಗ ಹೆಸರಾದ ಊರು ಕೂಡ. ಒಂಬತ್ತನೆಯ ತರಗತಿಗೆ ಹುಡುಗಿಯನ್ನು ಅಲ್ಲಿಗೆ ಕಳುಹಿಸಿದರು. ಇದರಲ್ಲಿ ದುರಾಸೆಯೆಲ್ಲಿದೆ? ಮೋಸವೆಲ್ಲಿದೆ? ಉಪ್ಪಲಿನ ವರ್ತುಲದಿಂದ ಬಸ್ಸು ಹತ್ತಿದರೆ ಅರ್ಧ ದಿನದೊಳಗೆ ಮುಟ್ಟುವ ಊರು. ನಮ್ಮ ಜನರಿಗೆ ಅದು ಬೇರೆ ರಾಜ್ಯವೆಂಬ ಭಾವನೆಯೇ ಇಲ್ಲ, ಅದು ‘ಊರು’ ಅಷ್ಟೆ.

ಈಗ ಅವಳು ಹನ್ನೆರಡನ್ನು ಮುಗಿಸಿ ನೀಟ್ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಪಡೆದಳೆನ್ನಿ. ತೆಲಂಗಾಣದ ವೈದ್ಯಕೀಯ ಕಾಲೇಜಿಗೆ ಅವಳು ಸ್ಥಳೀಯಳಲ್ಲ. ಕೊನೆಯ ನಾಲ್ಕು ವರ್ಷದ ಸರಪಳಿ ಇಲ್ಲಿಲ್ಲ. ಇಂಜಿನಿಯರಿಂಗಿಗೆ ಬಂದರೆ ಬೇರೆ ಲೆಕ್ಕ. 2025ರ ಫೆಬ್ರವರಿಯ ಸರಕಾರಿ ಆಜ್ಞೆಯ ಪ್ರಕಾರ, ಸ್ಥಳೀಯರಿಗೆ ಮೀಸಲಾದ ನೂರಕ್ಕೆ 85 ಸೀಟು ಬಿಟ್ಟು ಉಳಿದ 15ರಲ್ಲಿ, ಸ್ವತಃ ತಾನಾಗಲಿ ತಂದೆತಾಯಿಗಳಲ್ಲಿ ಒಬ್ಬರಾಗಲಿ ಒಟ್ಟು ಹತ್ತು ವರ್ಷ ತೆಲಂಗಾಣದಲ್ಲಿ ವಾಸವಾಗಿದ್ದವರಿಗೆ ಎಡೆಯಿದೆ. ಅಲ್ಲಿ ಅವಳು ಅರ್ಜಿ ಹಾಕಬಹುದು. ಮುಂದೆ ತೆಲಂಗಾಣ ಸರಕಾರದ ನೌಕರಿಗೆ ನಿಂತರೆ, ನೂರಕ್ಕೆ 95 ಹುದ್ದೆಗಳನ್ನು ಸ್ಥಳೀಯರಿಗೆ ಮೀಸಲಿಟ್ಟ 2018ರ ರಾಷ್ಟ್ರಪತಿ ಆಜ್ಞೆಯು ಒಂದರಿಂದ ಏಳನೆಯ ತರಗತಿಯ ಓದನ್ನು ಆಧಾರವಾಗಿ ಇಟ್ಟುಕೊಳ್ಳುತ್ತದೆ. ಅಲ್ಲಿ ಅವಳು ಅಪ್ಪಟ ಸ್ಥಳೀಯಳು! ಎನ್‌ಐಟಿಗಳಿಗೆ ಹೋದರೆ ಹನ್ನೆರಡನೆಯ ತರಗತಿ ತೇರ್ಗಡೆಯಾದ ರಾಜ್ಯವೇ ಸ್ವರಾಜ್ಯ. ಆದುದರಿಂದ ವರಂಗಲ್ಲಿನಲ್ಲಿ ಪರಕೀಯಳು, ಸುರತ್ಕಲ್ಲಿನಲ್ಲಿ ಮನೆಮಗಳು. ಒಂದೇ ಹುಡುಗಿ, ಒಂದೇ ಮನೆ, ಒಂದೇ ಓದು. ಆದರೆ ಪ್ರತಿಯೊಂದು ಕಚೇರಿಯ ಕಿಟಕಿಯಲ್ಲೂ ಅವಳ ನಾಡು ಬೇರೆ ಬೇರೆಯಾಗಿದೆ. ಅಂಗಡಿಗೊಂದು ಸೇರು, ಸಂತೆಗೊಂದು ಪಾವು ಎಂದರೆ ಇದೇ.

ಕರ್ನಾಟಕವು ತನ್ನ ಮಗಳನ್ನು ಕೈಬೀಸಿ ಕರೆಯುತ್ತದೆಯೇ? ಅಲ್ಲಿಯೂ ಕಟ್ಟಳೆಗಳಿವೆ. ವೃತ್ತಿಶಿಕ್ಷಣದ ಸರಕಾರಿ ಸೀಟುಗಳ 2006ರ ನಿಯಮಗಳ ಮೊದಲ ಬಾಗಿಲು, ಒಂದರಿಂದ ಹನ್ನೆರಡರವರೆಗೆ ಕನಿಷ್ಠ ಏಳು ವರ್ಷ ಕರ್ನಾಟಕದಲ್ಲಿ ಓದಿದವರಿಗೆ. ನಮ್ಮ ಹುಡುಗಿ ಓದಿದ್ದು ನಾಲ್ಕೇ ವರ್ಷ. ಎರಡನೆಯ ಬಾಗಿಲು, ಪಿಯುಸಿಯ ಎರಡು ವರ್ಷ ಅಲ್ಲಿ ಓದಿದ್ದು, ತಂದೆ ಅಥವಾ ತಾಯಿ ಕರ್ನಾಟಕದಲ್ಲಿ ಏಳು ವರ್ಷ ಓದಿದವರಿಗೆ. ತಂದೆ ಏಳನೆಯ ತರಗತಿ ಮುಟ್ಟಿದ್ದು, ಆ ದಾಖಲೆ ಪೆಟ್ಟಿಗೆಯಲ್ಲಿದ್ದರೆ ಮಗಳಿಗೆ ದಾರಿ ತೆರೆಯಿತು. ತಂದೆತಾಯಿಗಳಿಬ್ಬರೂ ಶಾಲೆಯ ಮುಖವನ್ನೇ ಕಾಣದ ಕೂಲಿಕಾರರಾಗಿದ್ದರೆ? ಅಥವಾ ಇದೇ ಊರಿನಲ್ಲಿ ಹುಟ್ಟಿ ಇಲ್ಲಿಯೇ ಓದಿದ ಎರಡನೆಯ ತಲೆಮಾರಿನವರಾಗಿದ್ದರೆ? ಆ ಬಾಗಿಲೂ ಮುಚ್ಚಿತು. ತಂದೆಯ ಬಡತನವು ಅವನ ಓದನ್ನು ನುಂಗಿತು. ಆ ಓದಿಲ್ಲದ್ದೇ ಈಗ ಮಗಳ ಓದಿಗೆ ಅಡ್ಡವಾಗುತ್ತದೆ. ಇದಕ್ಕಿಂತ ಕಠಿಣವಾದ ವಿಧಿಯ ಅಣಕವನ್ನು ನಾವು ಕಾಣೆವು.

ಇನ್ನು ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನವಿತ್ತ 371-ಜೆ ಅನುಚ್ಛೇದವಿದೆ. 2012ರ ತೊಂಬತ್ತೆಂಟನೆಯ ತಿದ್ದುಪಡಿಯಿಂದ ಬಂದ ಇದು ತೆಲಂಗಾಣದ 371-ಡಿಯ ತಂಗಿಯಂತಿದ್ದರೂ ಅಳತೆಗೋಲು ಬೇರೆ. ಇಲ್ಲಿ ಓದಲ್ಲ, ಹುಟ್ಟು ಅಥವಾ ಅಧಿವಾಸವೇ ಪ್ರಮಾಣ. ಆ ಪ್ರದೇಶದ ವಿದ್ಯಾಸಂಸ್ಥೆಗಳಲ್ಲಿ ನೂರಕ್ಕೆ 70, ರಾಜ್ಯದ ಉಳಿದೆಡೆ ನೂರಕ್ಕೆ 8 ಸೀಟುಗಳು ಆ ಭಾಗದವರಿಗೆ ಮೀಸಲು. ನಮ್ಮ ಹೆಣ್ಣುಮಕ್ಕಳು ಚೊಚ್ಚಲ ಬಾಣಂತನಕ್ಕೆ ತವರಿಗೆ ಹೋಗುವ ಪದ್ಧತಿಯುಂಟಷ್ಟೆ. ಆ ತವರು ಬೀದರದಲ್ಲಾಗಲಿ ಯಾದಗಿರಿಯಲ್ಲಾಗಲಿ ಇದ್ದು, ಮಗುವಿನ ಜನನವು ಅಲ್ಲಿಯ ದಾಖಲೆಯಲ್ಲಿ ಬರೆಯಲ್ಪಟ್ಟಿದ್ದರೆ, ಅಜ್ಜಿಯ ಮನೆಯ ಆ ಒಂದು ಕಾಗದವು ಹದಿನೆಂಟು ವರ್ಷದ ಅನಂತರ ಮೊಮ್ಮಗಳ ಕೈಹಿಡಿಯಬಹುದು. ಆದರೆ ಇದು ಮೊದಲು ಸಾಮಾನ್ಯ ಅರ್ಹತೆಯ ಬಾಗಿಲನ್ನು ದಾಟಿ ಒಳಬಂದವರಿಗೆ ಸಿಗುವ ಮೀಸಲಾತಿಯೆಂಬುದನ್ನು ನೆನಪಿಡಬೇಕು.

ಹಾಗಾದರೆ ಇಲ್ಲಿಯೂ ಅಲ್ಲಿಯೂ ಸಲ್ಲದವರಿಗೆ ಉಳಿಯುವುದೇನು? ಕರ್ನಾಟಕದ ನಿಯಮಗಳಲ್ಲಿ ‘ಹೊರನಾಡ ಕನ್ನಡಿಗ’ ಎಂಬ ಒಂದು ಸಣ್ಣ ಬಾಗಿಲುಂಟು. ಮಾತೃಭಾಷೆ ಕನ್ನಡ, ತುಳು ಅಥವಾ ಕೊಡವವಾಗಿದ್ದು, ನಿಗದಿಯಾದಷ್ಟು ವರ್ಷ ಹೊರರಾಜ್ಯದಲ್ಲಿ ಓದಿದ ಮಕ್ಕಳಿಗಾಗಿ ತೆರೆದ ಬಾಗಿಲು ಅದು. ಅದರ ಕಾವಲಿಗೆ ಒಂದು ಪರೀಕ್ಷೆಯನ್ನು ನಿಲ್ಲಿಸಲಾಗಿದೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಹೊರನಾಡ ಮತ್ತು ಗಡಿನಾಡ ಕನ್ನಡಿಗರಿಗೆ ಪ್ರತಿವರ್ಷ ನಡೆಸುವ ಕನ್ನಡ ಭಾಷಾ ಪರೀಕ್ಷೆಯೇ ಅದು. ಕಾಸರಗೋಡು, ಅಕ್ಕಲಕೋಟೆ, ಜತ್ತಗಳ ಮಕ್ಕಳಿಗೆ ಗಡಿನಾಡಿನ ಕಲಮು. ನಮ್ಮ ಹೈದರಾಬಾದಿನ ಮಕ್ಕಳಿಗೆ ಹೊರನಾಡಿನ ಕಲಮು. ಪರೀಕ್ಷೆಯು ಪಾಂಡಿತ್ಯವನ್ನು ಬೇಡುವುದಿಲ್ಲ. ಓದಲು ಬರೆಯಲು ಬಂದರೆ ಸಾಕು.

ಇಲ್ಲಿಯೇ ನಮ್ಮ ಮನೆಗಳ ಲೆಕ್ಕ ತಪ್ಪುತ್ತಿದೆ. ಮನೆಯಲ್ಲಿ ಕನ್ನಡ ಮಾತನಾಡುವ ಮಕ್ಕಳು ಇಂದಿಗೂ ಬೇಕಾದಷ್ಟಿದ್ದಾರೆ. ಕನ್ನಡವನ್ನು ಓದಬಲ್ಲವರು ಕಡಿಮೆ, ಬರೆಯಬಲ್ಲವರು ಅದಕ್ಕಿಂತ ಕಡಿಮೆ. ಶಾಲೆಯಲ್ಲಿ ಇಂಗ್ಲಿಷ್, 2018ರ ಕಾಯಿದೆಯಿಂದ ಕಡ್ಡಾಯವಾದ ತೆಲುಗು, ಅವುಗಳ ಜೊತೆಗೆ ಹಿಂದಿ. ಕನ್ನಡಕ್ಕೆ ವೇಳೆಯೆಲ್ಲಿ ಎಂದು ತಾಯಂದಿರು ಕೇಳುತ್ತಾರೆ. ನಾವು ಈವರೆಗೆ ಕನ್ನಡವನ್ನು ಕಲಿಸಿರೆಂದು ಸಂಸ್ಕೃತಿಯ ಹೆಸರಿನಲ್ಲಿ, ಅಭಿಮಾನದ ಹೆಸರಿನಲ್ಲಿ ಬೇಡಿಕೊಂಡದ್ದುಂಟು. ಇಂದು ಕಾನೂನಿನ ಹೆಸರಿನಲ್ಲಿ, ಸ್ವಾರ್ಥದ ಹೆಸರಿನಲ್ಲಿಯೇ ಹೇಳುತ್ತೇವೆ: ನಿಮ್ಮ ಮಗುವಿಗೆ ಕೊನೆಗೆ ಉಳಿಯಬಹುದಾದ ಒಂದು ಬಾಗಿಲಿನ ಬೀಗದ ಕೈ ಕನ್ನಡದ ಅಕ್ಷರಮಾಲೆಯಲ್ಲಿದೆ. ಕಾಚಿಗುಡದಲ್ಲಿ ಕರ್ನಾಟಕ ಸಾಹಿತ್ಯ ಮಂದಿರವನ್ನೂ ನೃಪತುಂಗ ಶಾಲೆಯನ್ನೂ ಕಟ್ಟಿ ಬೆಳೆಸಿದ ಹಿರಿಯರು ಈ ನಿಯಮಗಳನ್ನು ಕನಸಿನಲ್ಲಿಯೂ ಕಂಡಿರಲಿಲ್ಲ. ಆದರೂ ಅವರ ದೂರದೃಷ್ಟಿಯು ಇಂದು ಹೊಸ ಅರ್ಥವನ್ನು ಪಡೆದುಕೊಂಡಿದೆ.

ದೇಶದ ಒಟ್ಟು ನ್ಯಾಯಶಾಸ್ತ್ರವು ಈ ವಿಷಯದಲ್ಲಿ ಯಾವ ಕಡೆಗೆ ವಾಲಿದೆಯೆಂಬುದನ್ನೂ ನೋಡತಕ್ಕದ್ದು. ವಾಸಸ್ಥಳ ಬೇರೆ, ಜನ್ಮಸ್ಥಳ ಬೇರೆ. ಜನ್ಮಸ್ಥಳದಿಂದ ಭೇದವೆಣಿಸುವುದನ್ನಷ್ಟೆ ಸಂವಿಧಾನದ 15ನೆಯ ಅನುಚ್ಛೇದವು ನಿಷೇಧಿಸಿದೆ ಎಂದು ಸರ್ವೋಚ್ಚ ನ್ಯಾಯಾಲಯವು 1955ರಷ್ಟು ಹಿಂದೆಯೇ, ಮಧ್ಯಭಾರತದ ವೈದ್ಯಕೀಯ ಕಾಲೇಜೊಂದರ ಶುಲ್ಕದ ಮೊಕದ್ದಮೆಯಲ್ಲಿ ಹೇಳಿತು. 1984ರ ಪ್ರದೀಪ್ ಜೈನ್ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಭಗವತಿಯವರು, ಭಾರತೀಯನಿಗೆ ಇಡೀ ಭಾರತವೇ ಒಂದು ಅಧಿವಾಸ, ರಾಜ್ಯಕ್ಕೊಂದು ಅಧಿವಾಸವೆಂಬುದಿಲ್ಲ ಎಂದು ಸಾರಿದರು, ಆದರೂ ಎಂ.ಬಿ.ಬಿ.ಎಸ್. ತರಗತಿಗೆ ಮಿತವಾದ ಸ್ಥಳೀಯ ಮೀಸಲನ್ನು ಒಪ್ಪಿದರು. 2025ರ ಜನವರಿ 29ರಂದು ಮೂವರು ನ್ಯಾಯಮೂರ್ತಿಗಳ ಪೀಠವು ಚಂಡೀಗಢದ ಮೊಕದ್ದಮೆಯೊಂದರಲ್ಲಿ, ಸ್ನಾತಕೋತ್ತರ ವೈದ್ಯಕೀಯ ಸೀಟುಗಳಲ್ಲಿ ವಾಸಸ್ಥಳದ ಮೀಸಲು ಸಮಾನತೆಗೆ ವಿರುದ್ಧವೆಂದು ತೀರ್ಮಾನಿಸಿತು. ಎಂದರೆ, ವೈದ್ಯನಾದ ಮೇಲೆ ಉನ್ನತ ವ್ಯಾಸಂಗಕ್ಕೆ ಭಾರತವೆಲ್ಲ ಒಂದೇ ಮನೆ. ವೈದ್ಯನಾಗುವ ಮೊದಲ ಮೆಟ್ಟಿಲಿನಲ್ಲಿ ಮಾತ್ರ ರಾಜ್ಯಕ್ಕೊಂದು ಗೋಡೆ. ಗೋಡೆಯಿದೆಯೆಂಬುದು ಈಗ ನಿಶ್ಚಯವಾದುದರಿಂದ ಅದಕ್ಕೆ ಹಣೆ ಚಚ್ಚಿಕೊಳ್ಳುವುದರಲ್ಲಿ ಅರ್ಥವಿಲ್ಲ. ಕಿಟಕಿಗಳೆಲ್ಲಿವೆ ಎಂದು ಹುಡುಕುವುದು ವಿವೇಕ. ಸರಕಾರಿ ವೈದ್ಯಕೀಯ ಕಾಲೇಜುಗಳ ನೂರಕ್ಕೆ 15ರಷ್ಟು ಅಖಿಲ ಭಾರತ ಸೀಟುಗಳು ಎಲ್ಲರಿಗೂ ತೆರೆದಿವೆ. ಉಪ್ಪಲಿನಿಂದ ವರಂಗಲ್ಲಿನ ರಸ್ತೆಯಲ್ಲಿ ಸಾಗಿದರೆ ಸಿಗುವ ಬೀಬಿನಗರದ ಏಮ್ಸ್ ಸಂಸ್ಥೆಯೂ ಅಖಿಲ ಭಾರತ ಶ್ರೇಯಾಂಕವನ್ನಲ್ಲದೆ ನಾಲ್ಕು ವರ್ಷದ ಕಾಗದವನ್ನು ಕೇಳುವುದಿಲ್ಲ.

ಪರಿಶಿಷ್ಟ ಜಾತಿ ಮತ್ತು ಬುಡಕಟ್ಟುಗಳಿಗೆ ಸೇರಿದ ನಮ್ಮ ಬಂಧುಗಳ ಸ್ಥಿತಿ ಇನ್ನೂ ಬಿಗಿಯಾದುದು. ಜಾತಿಯ ಪಟ್ಟಿಯು ಆಯಾ ರಾಜ್ಯಕ್ಕೆ ಸಂಬಂಧಿಸಿದ್ದು, ಹುಟ್ಟಿದ ರಾಜ್ಯದ ಮೀಸಲಾತಿಯನ್ನು ವಲಸೆ ಹೋದ ರಾಜ್ಯದಲ್ಲಿ ಕೇಳಲಾಗದು ಎಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನಪೀಠವು 1990ರಲ್ಲಿ ಹೇಳಿತು; ಆ ಮೊಕದ್ದಮೆ ಆಂಧ್ರದಿಂದ ಮುಂಬಯಿಗೆ ಹೋದ ಕುಟುಂಬವೊಂದರದು. 2018ರಲ್ಲಿಯೂ ಆ ತತ್ತ್ವವು ದೃಢಪಟ್ಟಿತು. ಇಂತಹ ಮನೆಗಳಲ್ಲಿ ಮಕ್ಕಳನ್ನು ಎಲ್ಲಿ ಓದಿಸಬೇಕೆಂಬ ತೀರ್ಮಾನವು ಇನ್ನಷ್ಟು ಮುಂಚಿತವಾಗಿ, ಇನ್ನಷ್ಟು ಎಚ್ಚರದಿಂದ ಆಗಬೇಕು.

ಈಗ ಸರಕಾರಗಳಿಗೆ ನಮ್ಮ ವಿನಂತಿ. ತೆಲಂಗಾಣ ಸರಕಾರವು ತಾನೇ ಸರ್ವೋಚ್ಚ ನ್ಯಾಯಾಲಯದ ಮುಂದೆ ಕೆಲವು ವಿನಾಯಿತಿಗಳನ್ನು ಇಟ್ಟು, ನ್ಯಾಯಾಲಯವು ಅವುಗಳನ್ನು ಅಂಗೀಕರಿಸಿದೆ. ಹೊರರಾಜ್ಯದಲ್ಲಿ ಸೇವೆ ಸಲ್ಲಿಸಬೇಕಾಗಿ ಬಂದ ರಾಜ್ಯ ಸರಕಾರದ ನೌಕರರು, ಅಖಿಲ ಭಾರತ ಸೇವೆಯ ಅಧಿಕಾರಿಗಳು, ಸೈನಿಕರು, ಅರೆಸೈನಿಕ ಪಡೆಗಳವರು, ರಾಜ್ಯದ ನಿಗಮಗಳ ನೌಕರರು, ಇವರ ಮಕ್ಕಳು ಹೊರಗೆ ಓದಿದ ವರ್ಷಗಳು ಅಡ್ಡಿಯಾಗುವುದಿಲ್ಲ. ಇದು ಯುಕ್ತವೇ. ಈ ವಿನಾಯಿತಿಯ ಹಿಂದಿರುವ ತತ್ತ್ವವೇನು? ತಂದೆತಾಯಿಯ ದುಡಿಮೆಯು ಮಗುವನ್ನು ಹೊರಗೆ ಓದುವಂತೆ ಮಾಡಿದರೆ ಮಗುವನ್ನು ಶಿಕ್ಷಿಸಬಾರದು ಎಂಬುದಲ್ಲವೆ? ವರ್ಗಾವಣೆಯ ಆಜ್ಞೆಯು ಟೈಪಾಗಿ ಮೊಹರು ಬಿದ್ದು ಬಂದರೆ ಅದು ದುಡಿಮೆಯ ನಿರ್ಬಂಧ. ಬೆಳಿಗ್ಗೆ ಐದಕ್ಕೆ ಒಲೆ ಹಚ್ಚಿ ರಾತ್ರಿ ಹನ್ನೊಂದಕ್ಕೆ ಬಾಗಿಲು ಹಾಕುವ ಹೋಟೆಲಿನ ಅಡಿಗೆಯವನು, ಮಗುವನ್ನು ನೋಡಿಕೊಳ್ಳುವವರಿಲ್ಲದೆ ಊರಿಗೆ ಕಳುಹಿಸಿದರೆ ಅದು ನಿರ್ಬಂಧವಲ್ಲವೆ? ಕಟ್ಟಡದಿಂದ ಕಟ್ಟಡಕ್ಕೆ ಅಲೆಯುವ ಯಾದಗಿರಿಯ ಮೇಸ್ತ್ರಿಗೆ ವರ್ಗಾವಣೆಯ ಆಜ್ಞೆಯನ್ನು ಬರೆದುಕೊಡುವವರು ಯಾರು? ನೌಕರನ ಮಗುವಿಗೆ ಸಲ್ಲುವ ಕರುಣೆಯು ಕೂಲಿಯ ಮಗುವಿಗೂ ಸಲ್ಲಬೇಕು. ಇದು ಕನ್ನಡಿಗರಿಗಾಗಿ ಮಾತ್ರ ಕೇಳುವ ಮಾತಲ್ಲ. ಭಿವಂಡಿಗೆ, ಸೂರತ್ತಿಗೆ ದುಡಿಯಲು ಹೋದ ತೆಲಂಗಾಣದ ನೇಕಾರರ ಮಕ್ಕಳಿಗೂ ಇದು ಅನ್ವಯಿಸುತ್ತದೆ.

ಇದಕ್ಕೆ ಹೊಸ ಅಳತೆಗೋಲನ್ನು ಹುಡುಕಬೇಕಾಗಿಯೂ ಇಲ್ಲ. ಇಂಜಿನಿಯರಿಂಗಿನ ಸೀಟುಗಳಿಗೆ ತಂದೆತಾಯಿಯ ಹತ್ತು ವರ್ಷದ ವಾಸವನ್ನು ಸರಕಾರವೇ ಒಪ್ಪಿದೆ. ಆ ವಾಸದ ಜೊತೆಗೆ, ಮಗುವು ಒಟ್ಟಿನಲ್ಲಿ ಏಳೆಂಟು ವರ್ಷ ತೆಲಂಗಾಣದ ಶಾಲೆಗಳಲ್ಲಿ ಓದಿರಬೇಕೆಂಬ ನಿಬಂಧನೆಯನ್ನು ಸೇರಿಸಿ, ವೈದ್ಯಕೀಯಕ್ಕೂ ಒಂದು ಸಣ್ಣ ವಿನಾಯಿತಿಯನ್ನು ಕೊಟ್ಟರೆ ಹಣವಂತರ ಮೋಸಕ್ಕೂ ಎಡೆಯಾಗದು, ದುಡಿಯುವವರಿಗೂ ಅನ್ಯಾಯವಾಗದು. ನಿಯಮವನ್ನು ಎತ್ತಿಹಿಡಿದ ತೀರ್ಪು ನಿಯಮವನ್ನು ಮೃದುಗೊಳಿಸಲು ಸರಕಾರದ ಕೈಯನ್ನು ಕಟ್ಟಿಲ್ಲ. ಕರ್ನಾಟಕ ಸರಕಾರಕ್ಕೂ ನಮ್ಮದೊಂದು ಮಾತಿದೆ. ತಂದೆತಾಯಿ ಏಳು ವರ್ಷ ಓದಿರಬೇಕೆಂಬ ಕಲಮಿನಲ್ಲಿ, ಅವರು ಕರ್ನಾಟಕದಲ್ಲಿ ಹುಟ್ಟಿದವರೆಂಬ ದಾಖಲೆಯನ್ನೂ ಪರ್ಯಾಯವಾಗಿ ಒಪ್ಪಿಕೊಳ್ಳಲಿ. ಅಕ್ಷರವಿಲ್ಲದವನ ಮಗುವಿಗೆ ಅಕ್ಷರದ ಬಾಗಿಲು ಮುಚ್ಚದಿರಲಿ. ಹೊರನಾಡ ಕನ್ನಡಿಗರ ಭಾಷಾ ಪರೀಕ್ಷೆಯನ್ನು ಹೈದರಾಬಾದಿನಲ್ಲಿಯೂ ನಡೆಸಲು ಏರ್ಪಾಡಾಗಲಿ.

ಸರಕಾರಗಳು ಕಿವಿಗೊಡುವವರೆಗೆ ನಮ್ಮ ಕರ್ತವ್ಯವನ್ನು ನಾವು ಮಾಡೋಣ. ಮೊದಲನೆಯದಾಗಿ, ಎಂಟನೆಯ ತರಗತಿ ಮುಗಿಯುವ ಬೇಸಿಗೆಯೇ ನಿರ್ಣಾಯಕ ಕಾಲವೆಂದು ತಿಳಿಯಬೇಕು. ಮಗುವು ಇಲ್ಲಿಯೇ ವೈದ್ಯಕೀಯವನ್ನು ಓದಬೇಕೆಂಬ ಆಸೆಯಿದ್ದರೆ ಒಂಬತ್ತರಿಂದ ಹನ್ನೆರಡರವರೆಗೆ ತೆಲಂಗಾಣವನ್ನು ಬಿಟ್ಟು ಕದಲಿಸಕೂಡದು. ಕರ್ನಾಟಕವನ್ನೇ ಆರಿಸಿಕೊಳ್ಳುವುದಾದರೆ ಏಳು ವರ್ಷದ ಲೆಕ್ಕ ತುಂಬುವಂತೆ ಆರನೆಯ ತರಗತಿಗೇ ಕಳುಹಿಸಬೇಕು. ನಡುವೆ ಎತ್ತಿ ಹಾಕಿದ ಸಸಿ ಎರಡು ಮಡಿಗಳಲ್ಲೂ ಬೇರೂರದು. ಎರಡನೆಯದಾಗಿ, ಕಾಗದಗಳು. ಪ್ರತಿ ಶಾಲೆಯಿಂದ ಬಿಡುವಾಗ ಯಾವ ವರ್ಷದಿಂದ ಯಾವ ವರ್ಷದವರೆಗೆ ಯಾವ ತರಗತಿಯಲ್ಲಿ ಓದಿದರೆಂಬ ವ್ಯಾಸಂಗ ಪ್ರಮಾಣಪತ್ರವನ್ನು ಆಗಲೇ ಪಡೆಯಬೇಕು. ಉಪ್ಪಲಿನ ಸಂದಿಗೊಂದಿಗಳಲ್ಲಿ ಹುಟ್ಟಿ ಐದಾರು ವರ್ಷದಲ್ಲಿ ಮುಚ್ಚಿಹೋಗುವ ಸಣ್ಣ ಖಾಸಗಿ ಶಾಲೆಗಳು ಕಡಿಮೆಯಿಲ್ಲ. ಮುಚ್ಚಿದ ಶಾಲೆಯ ಮುಖ್ಯೋಪಾಧ್ಯಾಯರನ್ನು ಹತ್ತು ವರ್ಷದ ಮೇಲೆ ಹುಡುಕುವವರ ಪಾಡು ಬೇಡ. ತಂದೆತಾಯಿಯ ಹಳೆಯ ಅಂಕಪಟ್ಟಿ, ವರ್ಗಾವಣೆ ಪತ್ರ, ಮಗುವಿನ ಜನನಪತ್ರ, ಪಡಿತರ ಚೀಟಿ, ಬಾಡಿಗೆಯ ಕರಾರು ಇವೆಲ್ಲವನ್ನೂ ಒಂದೇ ಪೆಟ್ಟಿಗೆಯಲ್ಲಿಡಬೇಕು. ಒಬ್ಬನ ಹೆಸರನ್ನು ಎಲ್ಲೆಡೆಯೂ ಒಂದೇ ಕಾಗುಣಿತದಲ್ಲಿ ಬರೆಸಬೇಕು. ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬ ಗಾದೆಯು ಕಚೇರಿಗಳ ಮಟ್ಟಿಗೆ ಇಂದಿಗೂ ಸುಳ್ಳಾಗಿಲ್ಲ.

ಮೂರನೆಯದಾಗಿ, ನಮ್ಮ ಸಂಘಗಳು. ರಾಜ್ಯೋತ್ಸವದ ಮೆರವಣಿಗೆಗೂ ನಾಟಕಕ್ಕೂ ತೋರುವ ಉತ್ಸಾಹದಲ್ಲಿ ಹತ್ತರಲ್ಲೊಂದು ಪಾಲನ್ನಾದರೂ ಇದಕ್ಕೆ ಮೀಸಲಿಡಬೇಕು. ಪ್ರತಿ ಏಪ್ರಿಲ್ ತಿಂಗಳಿನಲ್ಲಿ ಒಂದು ಭಾನುವಾರ, ಕಾನೂನು ಬಲ್ಲ ಒಬ್ಬರು ವಕೀಲರೂ ಒಬ್ಬರು ಉಪಾಧ್ಯಾಯರೂ ಕುಳಿತು, ಆ ವರ್ಷದ ಪ್ರವೇಶ ಪುಸ್ತಿಕೆಗಳನ್ನು ಓದಿ ತಂದೆತಾಯಂದಿರಿಗೆ ವಿವರಿಸಲಿ. ಏಕೆಂದರೆ ಕಲಮುಗಳು ವರ್ಷವರ್ಷಕ್ಕೂ ತಿದ್ದುಪಡಿಯಾಗುತ್ತವೆ, ಕಳೆದ ವರ್ಷ ನೆರೆಮನೆಯವರಿಗೆ ಸಂದದ್ದು ಈ ವರ್ಷ ನಮಗೆ ಸಲ್ಲುವುದೆಂಬ ಭರವಸೆಯಿಲ್ಲ. ವಾರಕ್ಕೆರಡು ದಿನ ಸಂಜೆ ಕನ್ನಡದ ಓದುಬರಹದ ತರಗತಿಯನ್ನು ನಡೆಸಲಿ. ಅದಕ್ಕೆ ಬೇಕಾದುದು ಒಂದು ಕೋಣೆ, ಒಂದು ಹಲಗೆ, ಸಂಬಳ ಕೇಳದ ಒಬ್ಬ ಹಿರಿಯರು. ಉಪ್ಪಲಿನಲ್ಲಿ ಈ ಮೂರಕ್ಕೂ ಬರವಿಲ್ಲ.

ಸ್ಥಳೀಯರೆಂದರೆ ಯಾರು ಎಂಬ ಪ್ರಶ್ನೆಗೆ ನ್ಯಾಯಾಲಯವು ಕೊಟ್ಟ ಉತ್ತರವನ್ನು ನಾವು ಗೌರವದಿಂದ ಒಪ್ಪಿದ್ದೇವೆ. ಅದು ಸೀಟಿನ ಮಟ್ಟಿಗಿನ ಉತ್ತರ. ಈ ಊರಿನ ಕಾರ್ಖಾನೆಯಲ್ಲಿ, ಕಟ್ಟಡದಲ್ಲಿ, ಹೋಟೆಲಿನ ಒಲೆಯ ಮುಂದೆ ಮೂವತ್ತು ವರ್ಷ ಬೆವರಿಳಿಸಿದವನ ಮಗಳು ಈ ಊರಿನವಳು ಹೌದೋ ಅಲ್ಲವೋ ಎಂಬ ದೊಡ್ಡ ಪ್ರಶ್ನೆಗೆ ಶಾಸಕರೂ ಮಂತ್ರಿಗಳೂ ಉತ್ತರ ಕೊಡಬೇಕಾಗಿದೆ. ಆ ಉತ್ತರ ಬರುವ ತನಕ, ಎಂಟನೆಯ ತರಗತಿಯ ಮಕ್ಕಳಿರುವ ಪ್ರತಿಯೊಂದು ಕನ್ನಡ ಮನೆಯಲ್ಲೂ ಇಂದು ರಾತ್ರಿಯೇ ಕಾಗದದ ಪೆಟ್ಟಿಗೆಯು ತೆರೆಯಲ್ಪಡಲಿ.